ಮುಚ್ಚಿದ್ದಾಗಲೇ ಸವೆಯುವ ಬಾಗಿಲು

ಮನೆಯ ಬಾಗಿಲು ಕಿರುಗುಟ್ಟಿದರೆ ಅದರ ಕೀಲಿಗೆ, ಅಂದರೆ ಹಿಂಜ್‌ಗೆ, ಒಂದೆರಡು ತೊಟ್ಟು ಎಣ್ಣೆ ಬಿಟ್ಟು ಮರೆತುಬಿಡಬಹುದು. ಆಮೇಲೆ ವರ್ಷಗಟ್ಟಲೆ ಅದರ ಸುದ್ದಿ ಇರುವುದಿಲ್ಲ. ಅದೇ ಎಣ್ಣೆಯನ್ನು ಮೋಟರ್‌ಹೋಮ್‌ನ, ಅಂದರೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿಯ, ಬಾಗಿಲಿಗೆ ಬಿಟ್ಟು ನೋಡಿ. ಆ ದಿನ ಸದ್ದಿಲ್ಲ. ಮರುದಿನ ಗಾಡಿ ಹೊರಟು, ಬೆಳಗಿಂದ ಸಂಜೆವರೆಗೆ ಓಡಿ, ಎಲ್ಲೋ ನಿಲ್ಲಿಸಿ ಬಾಗಿಲು ತೆಗೆದರೆ ಮತ್ತೆ ‘ಕಿರ್ರ್’. ಈ ವಿಷಯ ನನ್ನ ತಲೆಯನ್ನು ಬಹಳ ಕಾಲ ಕೊರೆದಿದೆ. ಬಾಗಿಲನ್ನು ನಾವು ಜಾಸ್ತಿ ಬಳಸಿಯೂ ಇರಲಿಲ್ಲ. ದಿನವಿಡೀ ಅದು ಮುಚ್ಚಿಕೊಂಡೇ ಇತ್ತು. ಚಿಲಕ ಹಾಕಿ ಸುಮ್ನೆ ನಿಂತಿದ್ದ ಬಾಗಿಲಿನ ಕೀಲಿನಿಂದ ಎಣ್ಣೆ ಎಲ್ಲಿಗೆ ಹೋಯ್ತು?

ಸದ್ದು ಚಿಕ್ಕದೇ. ಆದರೆ ಗಾಡಿಯೂ ಚಿಕ್ಕದೇ ಅಲ್ವಾ. ಬಚ್ಚಲ ಬಾಗಿಲಿಗೂ ಹಾಸಿಗೆಗೂ ನಡುವೆ ಎರಡು ಹೆಜ್ಜೆ. ರಾತ್ರಿ ಒಬ್ಬರು ಎದ್ದರೆ ಎಲ್ಲರಿಗೂ ಎಚ್ಚರ. ನಮ್ಮಕ್ಕನಂತೂ ಒಂದು ಹಂತದಲ್ಲಿ ಬೇಸತ್ತು, ‘ಆ ಬಾಗಿಲನ್ನೇ ಕಿತ್ತು ಪರದೆ ಹಾಕ್ಬಿಡೋ’ ಅಂದಿದ್ದಳು. ಅಕ್ಕ, ಭಾವ, ನಾನು ಮೂವರೇ ಹೋಗುವ ಪ್ರಯಾಣಗಳಲ್ಲಿ ಆ ಮಾತು ಬಹಳ ಸಲ ಬಂದಿದೆ. ನನಗೂ ಪರದೆ ಒಳ್ಳೆಯದೇ ಅನ್ನಿಸಿದ್ದುಂಟು. ಆದರೆ ಆ ಹೊತ್ತಿಗೆ ಸದ್ದಿಗಿಂತ ಮಾಯವಾಗುವ ಎಣ್ಣೆಯ ಲೆಕ್ಕವೇ ಹೆಚ್ಚು ಕಾಡುತ್ತಿತ್ತು.

ಕಿರುಗುಟ್ಟುವುದು ಕೀಲು, ಕೂಗುವುದು ಹಲಗೆ

ಕೀಲಿನೊಳಗೆ ನಡೆಯುವುದು ಇಷ್ಟು. ಪಿನ್ನೂ ಅದರ ಸುತ್ತಲಿನ ಕೊಳವೆಯೂ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ನಿಂತ ವಸ್ತುವನ್ನು ಅಲುಗಿಸಲು ಬೇಕಾದ ಬಲ, ಅಲುಗಿದ ಮೇಲೆ ಅದನ್ನು ಸರಿಸುತ್ತಾ ಹೋಗಲು ಬೇಕಾದ ಬಲಕ್ಕಿಂತ ಹೆಚ್ಚು. ಹಾಗಾಗಿ ಬಾಗಿಲು ತಳ್ಳಿದಾಗ ಪಿನ್ ಮೊದಲು ಅಂಟಿಕೊಂಡೇ ಇರುತ್ತದೆ. ಒತ್ತಡ ಏರುತ್ತದೆ. ತಟ್ಟನೆ ಜಾರುತ್ತದೆ. ಜಾರಿದ ಕೂಡಲೇ ಒತ್ತಡ ಇಳಿದು ಮತ್ತೆ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಅಂಟುವುದು, ಜಾರುವುದು ನಡೆದರೆ ಅದೇ ಕಿವಿಗೆ ಬೀಳುವ ಸ್ವರ. ಪಿಟೀಲಿನ ತಂತಿಯನ್ನು ಕಮಾನು ನುಡಿಸುವುದೂ ಇದೇ ರೀತಿ. ಅಲ್ಲಿ ಕಮಾನಿಗೆ ರಾಳ ಉಜ್ಜಿ ಅಂಟನ್ನು ಬೇಕಂತಲೇ ಹೆಚ್ಚಿಸುತ್ತಾರೆ. ನಮಗೆ ಬೇಕಾದ್ದು ಅದರ ಉಲ್ಟಾ.

ಇನ್ನು ಒಂದು ಬೆರಳುದ್ದದ ಪಿನ್ ಇಷ್ಟು ದೊಡ್ಡ ಗಂಟಲು ತೆಗೆಯುವುದು ಹೇಗೆ ಅಂದರೆ, ಅದಕ್ಕೆ ಬಾಗಿಲಿನ ಸಹಾಯ ಇದೆ. ಗಾಡಿಯ ತೂಕ ಕಡಿಮೆ ಇರಲಿ ಅಂತ ಒಳಗಿನ ಬಾಗಿಲುಗಳನ್ನು ಹಗುರವಾಗಿ ಮಾಡಿರುತ್ತಾರೆ. ಎರಡು ತೆಳು ಹಾಳೆ, ನಡುವೆ ಹಗುರ ಮರದ ಚೌಕಟ್ಟು, ಉಳಿದದ್ದು ಟೊಳ್ಳು. ಕೀಲು ಅಲುಗಿದರೆ ಇಡೀ ಹಾಳೆ ಅಲುಗುತ್ತದೆ. ಗಟ್ಟಿ ಮರದ ಬಾಗಿಲಿನಲ್ಲಿ ಸತ್ತುಹೋಗುತ್ತಿದ್ದ ಸದ್ದು ಇಲ್ಲಿ ನಾಲ್ಕು ಪಟ್ಟು ಕೇಳಿಸಿದಂತಾಗುತ್ತದೆ. ಎಲ್ಲಿಂದ ಬರುತ್ತಿದೆ ಅನ್ನೋದೂ ತಿಳಿಯುವುದಿಲ್ಲ. ಮೇಲಿನ ಕೀಲೋ ಕೆಳಗಿನದೋ ಗೊತ್ತಾಗಬೇಕಾದರೆ ಒಬ್ಬರು ಬಾಗಿಲನ್ನು ನಿಧಾನಕ್ಕೆ ಆಡಿಸುತ್ತಿರಬೇಕು, ಇನ್ನೊಬ್ಬರು ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಬೇಕು. ಸದ್ದು ಮಾಡುವ ಕೀಲು ಬೆರಳಿಗೆ ಜುಮ್ ಅನ್ನುತ್ತದೆ. ಕಿವಿಗಿಂತ ಬೆರಳೇ ವಾಸಿ.

ಕೆಲವೊಮ್ಮೆ ಯಾವ ಕೀಲೂ ಜುಮ್ ಅನ್ನುವುದಿಲ್ಲ, ಸದ್ದು ಮಾತ್ರ ಬರುತ್ತಲೇ ಇರುತ್ತದೆ. ಆಗ ಬಾಗಿಲಿನ ಅಂಚಿನ ರಬ್ಬರ್ ಪಟ್ಟಿ ನೋಡಿ. ಒಣಗಿದ ರಬ್ಬರ್ ಚೌಕಟ್ಟಿಗೆ ಉಜ್ಜಿದರೂ ಹೆಚ್ಚುಕಡಿಮೆ ಇದೇ ಸ್ವರ. ಒದ್ದೆ ಬಟ್ಟೆಯಲ್ಲಿ ರಬ್ಬರ್ ಒರೆಸಿ ಬಾಗಿಲು ಆಡಿಸಿ. ಸದ್ದು ನಿಂತರೆ ಕೀಲು ನಿರಪರಾಧಿ.

ಪಿನ್ ಹೊರಗೆ ಬಂದಾಗ

ಭಾವ ಬದುಕಿಡೀ ಲೇತ್ ಮುಂದೆ ನಿಂತವರು. ಲೋಹದ ವಿಷಯದಲ್ಲಿ ಅವರಿಗೆ ಊಹೆಯ ಮಾತು ಹಿಡಿಸುವುದಿಲ್ಲ. ಒಂದು ಸಂಜೆ ಗಾಡಿ ನಿಲ್ಲಿಸಿದ ಮೇಲೆ ನಾನು ಎಂದಿನಂತೆ ಸ್ಪ್ರೇ ಡಬ್ಬಿ ಕೈಗೆತ್ತಿಕೊಂಡೆ. ಅವರು ತಡೆದರು.

‘ಎಣ್ಣೆ ಆಮೇಲೆ ಬಿಡೋಣ. ಮೊದಲು ಪಿನ್ ತೆಗಿ, ಏನಾಗಿದೆ ನೋಡೋಣ.’

‘ಬಾಗಿಲು ಬಿದ್ದುಹೋದ್ರೆ, ಭಾವ?’

‘ಒಂದೊಂದೇ ಪಿನ್ ತೆಗೆದ್ರೆ ಯಾಕಪ್ಪಾ ಬೀಳತ್ತೆ? ಬಾಗಿಲು ಮುಚ್ಚು. ಅಡಿಗೆ ಏನಾದ್ರೂ ಕೊಡು.’

ಬಾಗಿಲು ಮುಚ್ಚಿ, ಅಡಿಗೆ ರಟ್ಟಿನ ಚೂರು ಮಡಚಿ ತುರುಕಿದೆವು. ಕೀಲಿನ ಕೆಳಗಿನ ತೂತಿಗೆ ಮೊಳೆ ಇಟ್ಟು ಮೆಲ್ಲಗೆ ತಟ್ಟಿದರು. ಪಿನ್ ತಲೆ ಎತ್ತಿತು. ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಾ ಎಳೆದು, ಅದನ್ನು ಹಳೇ ಬಿಳಿ ಬಟ್ಟೆಯ ಮೇಲೆ ಇಟ್ಟರು. (ಎಲ್ಲ ಕೀಲುಗಳ ಪಿನ್ನೂ ಹೀಗೆ ಬರುವುದಿಲ್ಲ. ಎರಡು ತುದಿಯನ್ನೂ ಬಡಿದು ಚಪ್ಪಟೆ ಮಾಡಿದ್ದರೆ ಬಲವಂತ ಮಾಡಬೇಡಿ. ಬಿಡಿಸಲೇಬೇಕು ಅಂದರೆ ಇಡೀ ಕೀಲನ್ನೇ ಬಿಚ್ಚಬೇಕು.)

ಪಿನ್ ನೋಡಲು ತಮಾಷೆಯಾಗಿತ್ತು. ಇಡೀ ಪಿನ್ ಸವೆದಿರುತ್ತದೆ ಅಂದುಕೊಂಡಿದ್ದೆ. ಸವೆದದ್ದು ಒಂದೇ ಬದಿ, ಅದೂ ಎರಡು ಮೂರು ಪಟ್ಟಿಯಾಗಿ. ಬಾಗಿಲಿನ ಭಾರ ಪಿನ್ನನ್ನು ಎಲ್ಲಿ ಒತ್ತಿ ಹಿಡಿಯುತ್ತದೋ ಅಲ್ಲಿ ಮಾತ್ರ ಸಣ್ಣ ಸಣ್ಣ ಗುಳಿ. ಬೆನ್ನಿನ ಕಡೆ ಹೊಸ ಪಿನ್ನಿನಂತೆ ಹೊಳೆಯುತ್ತಿತ್ತು. ಗುಳಿಗಳ ಸುತ್ತ ಕೆಂಗಂದು ಪುಡಿ. ಬಟ್ಟೆಯ ಮೇಲೂ ಅದೇ ಬಣ್ಣದ ಗೆರೆ ಬಿತ್ತು. ನಾನು ‘ತುಕ್ಕು’ ಅಂದೆ. ಭಾವ ಪುಡಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು.

‘ತುಕ್ಕೇ. ಆದ್ರೆ ನೀರಿಂದ ಬಂದಿದ್ದಲ್ಲ. ನೀರಿನ ತುಕ್ಕಾದ್ರೆ ಪಿನ್ ಪೂರ್ತಿ ಹಿಡೀತಿತ್ತು. ಇದು ಅಲುಗಿ ಅಲುಗಿ ಬಂದಿದ್ದು. ಬಾಗಿಲು ತಿರುಗಿದ್ರೆ ಪಿನ್ ಸುತ್ತ ಗೆರೆ ಬೀಳ್ಬೇಕು. ಇಲ್ಲಿ ಗುಳಿ ಬಿದ್ದಿದೆ ನೋಡು. ಒಂದೇ ಜಾಗದಲ್ಲಿ ನಿಂತು ನಡುಗಿದೆ.’

ಅಲ್ಲಿಗೆ ನನ್ನ ಪ್ರಶ್ನೆಗೆ ಉತ್ತರದ ತುದಿ ಸಿಕ್ಕಿತು. ಬಾಗಿಲು ತೆರೆದು ಮುಚ್ಚುವಾಗ ಕೀಲಿಗೆ ಅಷ್ಟೇನೂ ಕಷ್ಟವಿಲ್ಲ. ಅದು ದುಡಿಯುವುದು ಬಾಗಿಲು ಮುಚ್ಚಿದ್ದಾಗ, ಗಾಡಿ ಓಡುತ್ತಿದ್ದಾಗ. ರಸ್ತೆಯ ಪ್ರತಿ ಕುಲುಕಾಟಕ್ಕೂ ಬಾಗಿಲು ಚಿಲಕದ ಸಡಿಲದೊಳಗೆ ಕಾಣದಷ್ಟು ಸಣ್ಣಗೆ ಆಡುತ್ತದೆ. ಆ ಆಟಕ್ಕೆ ಪಿನ್ ಒಂದೇ ಜಾಗದಲ್ಲಿ ಉಜ್ಜಿಕೊಳ್ಳುತ್ತದೆ. ಎಣ್ಣೆ ಆ ಜಾಗದಿಂದ ಪಕ್ಕಕ್ಕೆ ಒತ್ತಿಹೋಗುತ್ತದೆ. ಪಿನ್ ಪೂರ್ತಿ ತಿರುಗಿದ್ದರೆ ಎಣ್ಣೆಯನ್ನು ಮತ್ತೆ ಎಳೆದು ತರುತ್ತಿತ್ತು. ಅದು ತಿರುಗುವುದೇ ಇಲ್ಲವಲ್ಲ. ಒಣಗಿದ ಜಾಗದಲ್ಲಿ ಲೋಹಕ್ಕೆ ಲೋಹ ತಾಗಿ, ಸಣ್ಣ ಕಣಗಳು ಕಿತ್ತುಬಂದು, ಗಾಳಿ ತಾಗಿದೊಡನೆ ಕೆಂಪಾಗುತ್ತವೆ. ಮುಟ್ಟಿದರೆ ನುಣ್ಣಗಿದ್ದರೂ ಈ ಪುಡಿ ಸಾಧುವಲ್ಲ. ಆಭರಣಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಕೀಲಿನೊಳಗೆ ಸೇರಿಕೊಂಡು ಅದು ಉಜ್ಜುತ್ತಲೇ ಇರುತ್ತದೆ. ಅಲ್ಯೂಮಿನಿಯಂ ಕೀಲಾದರೆ ಪುಡಿ ಕಪ್ಪಗಿರುತ್ತದೆ. ಬಾಗಿಲಿನ ಬಿಳಿ ಬಣ್ಣದ ಮೇಲೆ ಕೀಲಿನ ಕೆಳಗೆ ಕಪ್ಪು ಸೋರಿದ ಗೆರೆ ನೋಡಿರುತ್ತೀರಿ. ಅದು ಬರೀ ಕೊಳೆ ಅಂತ ಒರೆಸಿ ಸುಮ್ಮನಾಗುವವರೇ ಜಾಸ್ತಿ.

ರೈಲಿನಲ್ಲಿ ಹೋದ ಕಾರುಗಳು

ಇದು ನಮ್ಮ ಬಚ್ಚಲ ಬಾಗಿಲಿನ ಹೊಸ ರೋಗವೇನಲ್ಲ. 1930ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನಿಂದ ಹೊಸ ಕಾರುಗಳನ್ನು ರೈಲಿಗೆ ಹೇರಿ ದೂರದ ಊರುಗಳಿಗೆ ಕಳಿಸುತ್ತಿದ್ದರು. ಇಳಿಸಿ ನೋಡಿದರೆ ಚಕ್ರದ ಬೇರಿಂಗ್‌ಗಳಲ್ಲಿ ಗುಳಿ. ಒಂದು ಮೈಲಿಯೂ ಓಡದ ಕಾರು! ಚಕ್ರ ತಿರುಗಿಯೇ ಇಲ್ಲ, ಬೇರಿಂಗ್ ಹಾಳು. ರೈಲಿನ ನಡುಕಕ್ಕೆ ಬೇರಿಂಗಿನ ಗುಂಡುಗಳು ನಿಂತಲ್ಲೇ ಉಜ್ಜಿಕೊಂಡಿದ್ದವು. ಅಲ್ಮೆನ್ ಎಂಬ ಇಂಜಿನಿಯರ್ 1937ರಲ್ಲಿ ಈ ಬಗ್ಗೆ ಬರೆದರು. ಭಾರಕ್ಕೆ ಒತ್ತಿ ಬಿದ್ದ ಗುಳಿಯಂತೆ ಕಂಡರೂ ಇದು ಸಣ್ಣ ಅಲುಗಾಟದ ಸವೆತ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ಓಡುವ ಕಾರಿಗಿಂತ ಹೊತ್ತೊಯ್ಯುವ ಕಾರಿಗೆ ಅಪಾಯ ಹೆಚ್ಚು ಅನ್ನುವುದು ವಿಚಿತ್ರ. ಮೋಟರ್‌ಹೋಮ್‌ನ ಬಾಗಿಲುಗಳ ಕಥೆ ಅದೇ. ಅವು ಸ್ವತಃ ಓಡುವುದಿಲ್ಲ, ಅವನ್ನು ಹೊತ್ತೊಯ್ಯುತ್ತೇವೆ.

ಹೀಗೆ ನೋಡಿದರೆ ಕೀಲಿನ ಕಾಯಿಲೆಗೆ ಮೊದಲ ಮದ್ದು ಕೀಲಿನಲ್ಲಿಲ್ಲ, ಎದುರು ಅಂಚಿನಲ್ಲಿದೆ. ಚಿಲಕದಲ್ಲಿ. ಬಾಗಿಲು ಮುಚ್ಚಿದಾಗ ಬಿಗಿಯಾಗಿ ಕೂತರೆ ನಡುಕ ಇಲ್ಲ, ನಡುಕ ಇಲ್ಲದಿದ್ದರೆ ಎಣ್ಣೆ ಇದ್ದಲ್ಲೇ ಇರುತ್ತದೆ. ಪರೀಕ್ಷೆ ಸುಲಭ. ಬಾಗಿಲಿನ ಸಂದಿಗೆ ಒಂದು ಕಾಗದದ ಪಟ್ಟಿ ಇಟ್ಟು ಚಿಲಕ ಹಾಕಿ. ಎಳೆದರೆ ಕಾಗದ ತಡೆದು ತಡೆದು ಬರಬೇಕು. ಸಲೀಸಾಗಿ ಜಾರಿ ಬಂದರೆ ಸಡಿಲ. ಹೊರಬಾಗಿಲಿನ ಚಿಲಕ ಕೂರುವ ತಗಡಿಗೆ ಸಾಮಾನ್ಯವಾಗಿ ಉದ್ದ ತೂತುಗಳಿರುತ್ತವೆ. ಸ್ಕ್ರೂ ಸಡಿಲಿಸಿ ತಗಡನ್ನು ಒಂದು ಮಿಲಿಮೀಟರ್ ಒಳಕ್ಕೆ ಸರಿಸಿದರೆ ಎಷ್ಟೋ ಸಲ ಸಾಕು. ಒಂದೇ ಸಲ ಜಾಸ್ತಿ ಸರಿಸಿದರೆ ಬಾಗಿಲು ದಬಾಯಿಸಿ ಹಾಕಬೇಕಾಗುತ್ತದೆ, ಅದು ಇನ್ನೊಂದು ತೊಂದರೆ. ಒಳಗಿನ ಬಾಗಿಲುಗಳಿಗೆ ಚೌಕಟ್ಟಿನ ಅಂಚಿಗೆ ತೆಳು ಫೆಲ್ಟ್ (ಒತ್ತಿ ಮಾಡಿದ ಮೆತ್ತನೆ ಬಟ್ಟೆ) ಅಥವಾ ಸ್ಪಂಜಿನ ಟೇಪ್ ಅಂಟಿಸಿದರೆ ಮುಗಿಯಿತು. ನಾವು ಬಚ್ಚಲ ಬಾಗಿಲಿಗೆ ಫೆಲ್ಟ್ ಅಂಟಿಸಿದೆವು. ಪಿನ್ ಒರೆಸಿ, ಗ್ರೀಸ್ ಸವರಿ, ಸವೆದ ಬದಿ ಆಚೆಗೆ ಬರುವಂತೆ ತಿರುಗಿಸಿ ಹಾಕಿದೆವು. ಅಕ್ಕ ಪರದೆಯ ಮಾತು ಬಿಟ್ಟಳು.

ಬಾಗಿಲು ನಿಜಕ್ಕೂ ಆಡುತ್ತಿದೆಯೋ ಇಲ್ಲವೋ ತಿಳಿಯಲು ಓಡುವ ಗಾಡಿಯಲ್ಲಿ ಎದ್ದು ಹೋಗಿ ಕಿವಿಗೊಡಬೇಕಿಲ್ಲ, ಹೋಗಲೂಬಾರದು. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ, ಬಾಗಿಲಿನ ಹತ್ತಿರ ಎಲ್ಲಾದರೂ ಭದ್ರವಾಗಿ ಸಿಕ್ಕಿಸಿ ಹೊರಡಿ. ಆಮೇಲೆ ಕೇಳಿದರೆ ಟಕಟಕ ಯಾವುದು, ಕಿರಕಿರ ಯಾವುದು ಎಲ್ಲ ಗೊತ್ತಾಗುತ್ತದೆ. ಬಹಳಷ್ಟು ಕಿರಕಿರ ಕೀಲಿನದೇ ಅಲ್ಲ, ಕಪಾಟಿನ ಹಲಗೆ ಹಲಗೆಗೆ ಉಜ್ಜುವುದು ಅನ್ನೋದೂ ಆಗಲೇ ತಿಳಿಯುವುದು.

ನಿಂತ ನೆಲದ ಮಾತು

ಒಂದು ಬೆಳಿಗ್ಗೆ ಹೊರಬಾಗಿಲು ಇದ್ದಕ್ಕಿದ್ದಂತೆ ಹೊಸ ರಾಗ ತೆಗೆಯಿತು. ಹಿಂದಿನ ಸಂಜೆವರೆಗೂ ಸರಿಯಿತ್ತು. ಈಗ ತೆರೆಯುವಾಗ ಕಿರುಗುಟ್ಟಿ, ಮುಚ್ಚುವಾಗ ಚಿಲಕದ ಹತ್ತಿರ ಬಾಗಿಲಿನ ಮೂಲೆ ಚೌಕಟ್ಟಿಗೆ ತಾಗುತ್ತಿತ್ತು. ಭಾವ ಒಳಗಿಂದ ಬಾಗಿಲಿನ ತುದಿ ಹಿಡಿದು ಸ್ವಲ್ಪ ಮೇಲಕ್ಕೆ ಎತ್ತಿ ಆಡಿಸಿದರು. ಸದ್ದು ನಿಂತಿತು. ಕೈ ಬಿಟ್ಟರೆ ಮತ್ತೆ ಸದ್ದು. ನಾನು ಕೀಲಿನ ಸ್ಕ್ರೂಗಳನ್ನು ನೋಡಿದೆ, ಎಲ್ಲ ಬಿಗಿಯಾಗಿದ್ದವು. ಅವರು ಕೆಳಗಿಳಿದು ಗಾಡಿಯನ್ನು ಒಂದು ಸುತ್ತು ಹಾಕಿ ಬಂದರು. ಹಿಂದಿನ ಒಂದು ಚಕ್ರ ರಾತ್ರಿ ಮೆತ್ತನೆ ಮಣ್ಣಿನಲ್ಲಿ ಕುಸಿದಿತ್ತು. ಹಲಗೆ ಕೊಟ್ಟು ಆ ಮೂಲೆಯನ್ನು ಮೇಲೆತ್ತಿದೆವು. ಬಾಗಿಲು ಮತ್ತೆ ಮೊದಲಿನಂತಾಯಿತು. ಒಂದು ತೊಟ್ಟು ಎಣ್ಣೆ ಬೇಕಾಗಲಿಲ್ಲ.

ಗಾಡಿಯ ಅಡಿಯ ಉದ್ದನೆಯ ಚೌಕಟ್ಟು, ಚಾಸಿ, ಅಂದರೆ ಬಿಗಿಯಾದ ಕಬ್ಬಿಣ ಅನ್ನಿಸುತ್ತದೆ, ಆದರೆ ಅದು ತಿರುಚಿಕೊಳ್ಳುತ್ತದೆ. ನಾಲ್ಕು ಚಕ್ರ ನಾಲ್ಕು ಎತ್ತರದಲ್ಲಿ ನಿಂತರೆ ಮೇಲಿನ ಪೆಟ್ಟಿಗೆಯೂ ಜೊತೆಗೆ ತಿರುಚುತ್ತದೆ. ಬಾಗಿಲಿನ ಚೌಕಟ್ಟು ಕೂದಲೆಳೆಯಷ್ಟು ಓರೆಯಾದರೂ ಮೇಲಿನ ಕೀಲೂ ಕೆಳಗಿನ ಕೀಲೂ ಒಂದೇ ಗೆರೆಯಲ್ಲಿ ಇರುವುದಿಲ್ಲ. ಗೆರೆ ತಪ್ಪಿದ ಎರಡು ಪಿನ್ನುಗಳ ಮೇಲೆ ಒಂದು ಬಾಗಿಲು ತಿರುಗಬೇಕಾದರೆ ಎರಡೂ ಪಿನ್ ಒತ್ತಿಕೊಳ್ಳುತ್ತವೆ. ಜಾಕ್ ಕೊಟ್ಟು ಮಟ್ಟ ಮಾಡುವವರೂ ಒಂದೇ ಮೂಲೆಗೆ ಜಾಸ್ತಿ ಎತ್ತಿದರೆ ಇದೇ ಆಗುತ್ತದೆ. ಹಾಗಾಗಿ ನಿಂತ ಜಾಗ ಬದಲಾದಾಗ ಬರುವ, ಹೋಗುವ ಸದ್ದಿಗೆ ನಾನು ಎಣ್ಣೆ ಮುಟ್ಟಿಸುವುದಿಲ್ಲ. ಎಲ್ಲ ಜಾಗದಲ್ಲೂ ಬರುವ ಸದ್ದು ಮಾತ್ರ ಕೀಲಿನದು ಅಂತ ಲೆಕ್ಕ.

ಎತ್ತಿ ಹಿಡಿದರೆ ನಿಲ್ಲುವ ಸದ್ದು ಮಟ್ಟದ ನೆಲದಲ್ಲೂ ಬಂದರೆ ಬಾಗಿಲು ಜೋತಿದೆ ಅಂತ ಅರ್ಥ. ಸ್ಕ್ರೂ ನೋಡಿ. ತೆಳು ಮರಕ್ಕೆ ಹಾಕಿದ ಸ್ಕ್ರೂ ನಡುಗಿ ನಡುಗಿ ತೂತನ್ನು ದೊಡ್ಡದು ಮಾಡಿಕೊಂಡಿರುತ್ತದೆ. ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. ಮರದ ಅಂಟು ಸವರಿದ ಹಲ್ಲುಕಡ್ಡಿಗಳನ್ನು ತೂತಿಗೆ ತುಂಬಿ, ಒಣಗಿದ ಮೇಲೆ ಅಂಚಿಗೆ ಸಮನಾಗಿ ಕತ್ತರಿಸಿ ಅದೇ ಸ್ಕ್ರೂ ಹಾಕಿದರೆ ಹಿಡಿಯುತ್ತದೆ. ಲೋಹದ ಚೌಕಟ್ಟಿಗೆ ಹೋಗುವ ಸ್ಕ್ರೂ ಆದರೆ ಥ್ರೆಡ್‌ಲಾಕರ್, ಅಂದರೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ಒಂದು ತೊಟ್ಟು. ನೀಲಿ ಬಣ್ಣದ್ದು, ಮತ್ತೆ ಬಿಚ್ಚಬಹುದಾದದ್ದು.

ಡಬ್ಬಿಗಳು

ಇಷ್ಟಾದ ಮೇಲೆ ಎಣ್ಣೆಯ ವಿಷಯ. ಡಬ್ಲ್ಯೂಡಿ-40 ಎಂಬ ಸ್ಪ್ರೇ ಡಬ್ಬಿ ಇಲ್ಲದ ಗಾಡಿ ಇರಲಿಕ್ಕಿಲ್ಲ. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾದದ್ದು ತೇವವನ್ನು ಓಡಿಸಲು. ಅಟ್ಲಾಸ್ ಕ್ಷಿಪಣಿಯ ತೆಳು ಹೊರಮೈಗೆ ತುಕ್ಕು ಹಿಡಿಯದಂತೆ ಬಳಿಯುತ್ತಿದ್ದರು. ಅದರಲ್ಲಿ ಆರಿಹೋಗುವ ದ್ರಾವಕದ ಪಾಲೇ ಜಾಸ್ತಿ. ಆರಿದ ಮೇಲೆ ಉಳಿಯುವುದು ತೀರಾ ತೆಳು ಎಣ್ಣೆಯ ಪೊರೆ. ತುಕ್ಕು ಸಡಿಲಿಸಲು, ಹಳೇ ಜಿಡ್ಡು ತೊಳೆಯಲು ನನಗೆ ಅದೇ ಬೇಕು. ಆದರೆ ದಿನವಿಡೀ ನಡುಗುವ ಪಿನ್ನಿಗೆ ಆ ಪೊರೆ ಏನೇನೂ ಸಾಲದು. ತೊಳೆದು, ಕಪ್ಪು ನೀರು ಸೋರುವುದು ನಿಲ್ಲುವವರೆಗೂ ಒರೆಸಿ, ಆಮೇಲೆ ನಿಜವಾದ ಕೀಲೆಣ್ಣೆ ಹಾಕಬೇಕು.

ಭಾರದ ಲೋಹದ ಕೀಲಿಗೆ, ಅಂದರೆ ಡ್ರೈವರ್ ಕಡೆಯ ಬಾಗಿಲು, ಅದು ತೀರಾ ತೆರೆಯದಂತೆ ಹಿಡಿಯುವ ತಡೆಪಟ್ಟಿ, ಇವಕ್ಕೆ ಬಿಳಿ ಲಿಥಿಯಂ ಗ್ರೀಸ್. ದಪ್ಪಗೆ ನಿಲ್ಲುತ್ತದೆ, ಮಳೆಗೆ ತೊಳೆದುಹೋಗುವುದಿಲ್ಲ. ಆದರೆ ಹೊರಗೆ ಬಳಿದ ಗ್ರೀಸ್ ದೂಳನ್ನು ಕರೆದು ಕೂರಿಸಿಕೊಳ್ಳುತ್ತದೆ, ಹಾಗಾಗಿ ಉಳಿದದ್ದನ್ನು ಒರೆಸಲೇಬೇಕು. ಹೊರಗಿನ ಸಾಮಾನು ಗೂಡಿನ ಪಿಯಾನೋ ಹಿಂಜ್ (ಅಂಚಿನುದ್ದಕ್ಕೂ ಇರುವ ಒಂದೇ ಉದ್ದನೆಯ ಕೀಲು), ವ್ಯಾನಿನ ಜಾರುಬಾಗಿಲಿನ ಕಂಬಿ, ಇಂಥ ರಸ್ತೆ ದೂಳು ತಿನ್ನುವ ಜಾಗಗಳಿಗೆ ಗ್ರೀಸ್ ಬೇಡವೇ ಬೇಡ. ದೂಳು ಸೇರಿದ ಗ್ರೀಸ್ ಮರಳುಕಾಗದದ ಕೆಲಸ ಮಾಡುತ್ತದೆ. ಅಲ್ಲಿಗೆ ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ. ರಬ್ಬರ್ ಪಟ್ಟಿಗೆ ಸಿಲಿಕೋನ್ ಮಾತ್ರ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಬಾಗಿಲಿಗೆ ಬಳಸುವ ಇಪಿಡಿಎಂ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಸಿಲಿಕೋನನ್ನೂ ಬಟ್ಟೆಗೆ ಹೊಡೆದು ಒರೆಸಿ. ನೆಲಕ್ಕೆ ಬಿದ್ದರೆ ಜಾರಿ ಬೀಳುವುದು ಗ್ಯಾರಂಟಿ. ಬಣ್ಣ ಬಳಿಯಬೇಕಾದ ಜಾಗಕ್ಕೆ ಬಿದ್ದರೆ ಬಣ್ಣ ಹಿಡಿಯುವುದಿಲ್ಲ. ಅಡುಗೆ ಎಣ್ಣೆ ಹಾಕಿ ಅನ್ನುವವರು ಎಲ್ಲೆಡೆ ಇದ್ದಾರೆ. ಅದು ಗಾಳಿಗೆ ಗಟ್ಟಿಯಾಗಿ ಅಂಟಾಗುತ್ತದೆ. ಆ ಅಂಟು ಬಿಡಿಸುವುದು ತುಕ್ಕು ಬಿಡಿಸುವುದಕ್ಕಿಂತ ಕಷ್ಟ.

ಪಿನ್ ಉಜ್ಜಲು ಉಕ್ಕಿನ ನಾರು ಬಳಸಬೇಡಿ, ಮುಖ್ಯವಾಗಿ ಅಲ್ಯೂಮಿನಿಯಂ ಕೀಲಿನ ಹತ್ತಿರ. ಅದರ ಚೂರುಗಳು ಸಂದಿಯಲ್ಲಿ ಉಳಿದು ತುಕ್ಕು ಹಿಡಿಯುತ್ತವೆ. ಪಾತ್ರೆ ಉಜ್ಜುವ ಪ್ಲಾಸ್ಟಿಕ್ ನಾರು ಸಾಕು. ಗಾಡಿಯೊಳಗೆ ಸ್ಪ್ರೇ ಹೊಡೆಯುವ ಮುಂಚೆ ಒಲೆ, ಗ್ಯಾಸ್ ಫ್ರಿಜ್‌ನ ಸಣ್ಣ ಜ್ವಾಲೆ ಎಲ್ಲ ಆರಿಸಿ, ಕಿಟಕಿ ತೆಗೆಯಿರಿ. ಎಷ್ಟೋ ಡಬ್ಬಿಗಳಲ್ಲಿ ಎಣ್ಣೆಯನ್ನು ಹೊರಗೆ ತಳ್ಳುವುದು ಪ್ರೊಪೇನ್, ಬ್ಯೂಟೇನ್. ಅವು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂರುತ್ತವೆ. ಫ್ರಿಜ್‌ನ ಜ್ವಾಲೆಯೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಇರುತ್ತದೆ.

ಎಣ್ಣೆ ಹಾಕಲೇಬಾರದ ಜಾಗಗಳೂ ಇವೆ. ಮೇಲಕ್ಕೆ ತೆರೆಯುವ ಗೂಡುಗಳ ಮುಚ್ಚಳವನ್ನು ಎತ್ತಿ ಹಿಡಿಯುವ, ಗ್ಯಾಸ್ ತುಂಬಿದ ಕೊಳವೆಯಾದ ಗ್ಯಾಸ್ ಸ್ಟ್ರಟ್‌ನ ಹೊಳೆಯುವ ಸಲಾಕೆಗೆ ಗ್ರೀಸ್ ಬಳಿದರೆ ದೂಳು ಅಂಟಿ, ಒಳಗಿನ ಸೀಲ್ ಗೀರಿ, ಗ್ಯಾಸ್ ಸೋರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೀಗದ ತೂತಿಗೆ ಗ್ರಾಫೈಟ್ ಪುಡಿ ಹಾಕಿದ್ದರೆ ಅದರ ಮೇಲೆ ಎಣ್ಣೆ ಬಿಡಬಾರದು, ಎರಡೂ ಸೇರಿ ಕೆಸರಾಗುತ್ತವೆ. ಇನ್ನು ಕೆಲವು ಹೊರಬಾಗಿಲುಗಳಿಗೆ ಬೇಕಂತಲೇ ಬಿಗಿ ಇಟ್ಟ ಕೀಲುಗಳಿರುತ್ತವೆ. ಬಾಗಿಲನ್ನು ಎಷ್ಟು ತೆರೆದು ಬಿಟ್ಟರೆ ಅಷ್ಟಕ್ಕೇ ನಿಲ್ಲಿಸುವುದು ಆ ಬಿಗಿಯೇ. ಅದಕ್ಕೆ ಧಾರಾಳವಾಗಿ ಎಣ್ಣೆ ಬಿಟ್ಟರೆ ಸದ್ದೂ ಹೋಗುತ್ತದೆ, ಹಿಡಿತವೂ ಹೋಗುತ್ತದೆ. ಗಾಳಿ ಬೀಸಿದಾಗ ಬಾಗಿಲು ಪಕ್ಕದ ಗೋಡೆಗೆ ಹೋಗಿ ಬಡಿಯುತ್ತದೆ. ನಿಮ್ಮ ಗಾಡಿಯ ಬಾಗಿಲು ಅರ್ಧಕ್ಕೆ ಬಿಟ್ಟರೆ ಅಲ್ಲೇ ನಿಲ್ಲುವ ಜಾತಿಯದಾದರೆ, ಏನು ಹಾಕಬೇಕು ಅನ್ನೋದನ್ನು ಮೊದಲು ಅದರ ಕೈಪಿಡಿಯಲ್ಲಿ ನೋಡಿ. ನಮ್ಮ ಹೊರಬಾಗಿಲು ಆ ಜಾತಿಯದು. ತೆರೆದಾಗ ಸ್ವಲ್ಪ ಗೊಣಗುತ್ತದೆ. ಗೊಣಗಲಿ ಅಂತ ಬಿಟ್ಟಿದ್ದೇವೆ.